ತಳಾರನ ತಕ್ಕಡಿ

ಹಿಂದೂಪುರದ ರೈಲು ನಿಲ್ದಾಣದಲ್ಲಿ ಇಳಿದ ಪ್ರವಾಸಿಗಳಲ್ಲಿ ಹೆಚ್ಚಿನವರು ಲೇಪಾಕ್ಷಿಯ ಬಸ್ಸು ಹತ್ತುತ್ತಾರೆ. ದೊಡ್ಡ ಬಸವಣ್ಣನನ್ನು ನೋಡಿ, ನೇತಾಡುವ ಕಂಬದ ಕೆಳಗೆ ಬಟ್ಟೆ ಹಾಯಿಸಿ, ಸಂಜೆಯ ಹೊತ್ತಿಗೆ ಮರಳುತ್ತಾರೆ. ಊರಿನಿಂದ ಪಡುವಣಕ್ಕೆ ಹೊರಡುವ ಇನ್ನೊಂದು ದಾರಿಯಲ್ಲಿ ಇಷ್ಟು ಜನಸಂದಣಿ ಇಲ್ಲ. ಮಡಕಶಿರಾ ದಾಟಿ, ಅಮರಾಪುರ ಹಾದು, ಅದು ಹೇಮಾವತಿಗೆ ಮುಟ್ಟುತ್ತದೆ. ಕರ್ನಾಟಕದ ಒಡಲೊಳಕ್ಕೆ ಚಾಚಿಕೊಂಡ ಆಂಧ್ರದ ಮೂಲೆ ಇದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಹೇಮಾವತಿಯ ಹಳೆಯ ಹೆಸರು ಹೆಂಜೇರು. ಅದು ನೊಳಂಬ ಅರಸರ ರಾಜಧಾನಿಯಾಗಿತ್ತು. ಇಲ್ಲಿನ ಸಿದ್ಧೇಶ್ವರ ಲಿಂಗವಾಗಿಲ್ಲ, ಜಟೆ ಹೊತ್ತ ಮನುಷ್ಯನಾಗಿ ಕುಳಿತಿದ್ದಾನೆ. ಕಪ್ಪು ಕಲ್ಲನ್ನು ಕನ್ನಡಿಯಂತೆ ಉಜ್ಜಿ ಮಾಡಿದ ನೊಳಂಬ ಕಂಬಗಳನ್ನು ಒಮ್ಮೆ ಮುಟ್ಟಿದವರು ಮರೆಯುವುದಿಲ್ಲ.

ಈ ಹೇಮಾವತಿಯ ಒಂದು ಶಾಸನ ಕ್ರಿ.ಶ. 943ರದು. ಬಿ.ಎಲ್. ರೈಸ್ ಅದನ್ನು ತುಮಕೂರು ಜಿಲ್ಲೆಯ ಶಾಸನಗಳ ಜೊತೆ, ಸಿರಾ ತಾಲ್ಲೂಕಿನ ಸಾಲಿನಲ್ಲಿ, 1904ರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಪಾಶುಪತ ಮತದ ಮೂಲಗುರು ಲಕುಲೀಶನಿಗೆ ಒಂದು ಭಯ ಹುಟ್ಟಿತಂತೆ: ತನ್ನ ಹೆಸರನ್ನೂ ತನ್ನ ಸಿದ್ಧಾಂತವನ್ನೂ ಲೋಕ ಮರೆತುಬಿಟ್ಟರೆ? ಆ ಭಯದಿಂದಲೇ ಅವನು ಚಿಲ್ಲುಕ ಮುನಿನಾಥನಾಗಿ ಮತ್ತೆ ಹುಟ್ಟಿದ ಎಂದು ಶಾಸನದ ಹೇಳಿಕೆ.

ಇತಿಹಾಸಕಾರರು ಈ ಮಾತನ್ನು ಬಹಳ ಕಾಲ ಕಾಲನಿರ್ಣಯಕ್ಕಷ್ಟೇ ಬಳಸಿದರು. ಲಕುಲೀಶನನ್ನೇ ತೀರ ಈಚಿನ ಕಾಲಕ್ಕೆ ತಂದು ಕೂರಿಸಿದವರೂ ಇದ್ದರು. ಆಮೇಲೆ ಮಥುರೆಯಲ್ಲಿ ಎರಡನೆಯ ಚಂದ್ರಗುಪ್ತನ ಕಾಲದ, ಕ್ರಿ.ಶ. 380ರ ಕಂಬದ ಶಾಸನ ಸಿಕ್ಕಿತು. ಅದರಲ್ಲಿ ಉದಿತಾಚಾರ್ಯನೆಂಬ ಗುರು ಲಕುಲೀಶನ ಶಿಷ್ಯ ಕುಶಿಕನಿಂದ ಹತ್ತನೆಯವನು. ಲೆಕ್ಕ ಹಾಕಿದಾಗ ಲಕುಲೀಶ ಸುಮಾರು ಎರಡನೆಯ ಶತಮಾನಕ್ಕೆ ಹೋದ. ಅಂದರೆ ಹೇಮಾವತಿಯ ಕಲ್ಲು ಹೇಳುವುದು ಸಣ್ಣ ಮಾತಲ್ಲ. ಒಬ್ಬನ ನೆನಪು, ಓದು, ಮರೆತುಹೋಗುವೆನೆಂಬ ಭಯ, ಇವೆಲ್ಲ ಏಳೆಂಟು ನೂರು ವರ್ಷ ಆ ಮೈಯಿಲ್ಲದೆ ಉಳಿದು ಇನ್ನೊಂದು ಮೈಗೆ ಬಂದವು ಎನ್ನುತ್ತದೆ. ಅರಿವು ಮೈಯ ಕೆಲಸವೋ, ಮೈಯಲ್ಲಿ ಬಂದು ಇಳಿದುಕೊಳ್ಳುವ ಬೇರೊಂದು ವಸ್ತುವೋ ಎಂಬ ಪ್ರಶ್ನೆಗೆ ನೊಳಂಬರ ರಾಜಧಾನಿ ಕಲ್ಲಿನಲ್ಲಿ ಕೊಟ್ಟ ಉತ್ತರ ಇದು.

ಇದಕ್ಕೆ ನೇರ ಎದುರಾದ ಮಾತು ಕೂಡ ಅದೇ ದಿನಗಳಲ್ಲಿ ಕನ್ನಡದಲ್ಲಿ ದಾಖಲಾಯಿತು. ಎರಡೇ ವರ್ಷ ಹಿಂದೆ, 941ರಲ್ಲಿ, ಪಂಪ ‘ಆದಿಪುರಾಣ’ ಬರೆದು ಮುಗಿಸಿದ್ದ. ಅವನ ಆಶ್ರಯದಾತ ಅರಿಕೇಸರಿಯ ವೇಮುಲವಾಡ ಇರುವುದು ಇಂದಿನ ತೆಲಂಗಾಣದಲ್ಲಿ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನ ಇಂದಿಗೂ ಇದೆ. ಆಗಿನ ಗಡಿ ಈಗಿನಂತೆ ನಾಲಗೆಯ ಮೇಲೆ ಎಳೆದ ಗೆರೆಯಾಗಿರಲಿಲ್ಲ.

ಆದಿಪುರಾಣದಲ್ಲಿ ಅಳಕಾಪುರದ ಅರಸ ಮಹಾಬಲನ ಕಥೆ ಬರುತ್ತದೆ. ಪಂಪನಿಗೆ ಮೂಲವಾದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಆ ಪ್ರಸಂಗ ವಿಸ್ತಾರವಾಗಿದೆ. ಅರಸನ ವರ್ಧಂತಿಯ ದಿನ, ತುಂಬಿದ ಸಭೆಯಲ್ಲಿ, ನಾಲ್ವರು ಮಂತ್ರಿಗಳು ವಾದಕ್ಕಿಳಿಯುತ್ತಾರೆ. ಸ್ವಯಂಬುದ್ಧ ಜೈನ. ಸಂಭಿನ್ನಮತಿ ವಿಜ್ಞಾನವಾದಿ, ಶತಮತಿ ಶೂನ್ಯವಾದಿ. ಮಹಾಮತಿ ಎಂಬವನು ಲೋಕಾಯತನ, ಅಂದರೆ ಭೌತವಾದಿಯ, ಪಕ್ಷ ಹಿಡಿಯುತ್ತಾನೆ. ಅವನ ವಾದ ನೇರವಾದದ್ದು. ಮಣ್ಣು, ನೀರು, ಬೆಂಕಿ, ಗಾಳಿ ಕೂಡಿದಾಗ ಮೈಯಾಗುತ್ತದೆ, ಆ ಕೂಡುವಿಕೆಯಲ್ಲೇ ಅರಿವು ಹುಟ್ಟುತ್ತದೆ. ಹಿಟ್ಟಿನಲ್ಲಿ ಅಮಲಿಲ್ಲ, ಬೆಲ್ಲದಲ್ಲಿ ಅಮಲಿಲ್ಲ, ನೀರಿನಲ್ಲೂ ಇಲ್ಲ. ಹುಳಿಸಿ ಇಟ್ಟರೆ ಅಮಲು ಬರುತ್ತದೆ. ಅದು ಹೊರಗಿನಿಂದ ಬಂದು ಸೇರಿದ್ದಲ್ಲ. ಮಡಕೆ ಒಡೆದರೆ ಅದು ಎಲ್ಲಿಗೆ ಹೋಯಿತೆಂದು ಯಾರೂ ಹುಡುಕುವುದಿಲ್ಲ.

ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಗಳಿಗೆ ಹೆಸರಾದ ಹಿಂದೂಪುರದ ಮಂಡಿಯಲ್ಲಿ ಈ ಉಪಮೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೆಖೆಗೆ ಬೆಲ್ಲ ಒಸರಿ ನೆಲಕ್ಕಿಳಿದು, ಎರಡು ದಿನ ಕಳೆದರೆ ಹರಡುವ ಆ ಹುಳಿ ನಾತ ಮಂಡಿಯವರಿಗೆ ಗೊತ್ತು. ಭಾರತದ ಭೌತವಾದದ ಹಳೆಯ ಉದಾಹರಣೆಯೊಂದು ಹೀಗೆ ಮಡಕೆಯೊಳಗಿಂದಲೇ ಎದ್ದದ್ದು.

ಸ್ವಯಂಬುದ್ಧನ ಉತ್ತರವೂ ಗಟ್ಟಿಯಾಗಿದೆ. ಹೆಂಡಕ್ಕೆ ಹಾಕುವ ಸಾಮಗ್ರಿಗಳಲ್ಲಿ ಅಮಲಿನ ಅಂಶ ಸ್ವಲ್ಪವಾದರೂ ಮೊದಲೇ ಇರುತ್ತದೆ. ಮಣ್ಣು ನೀರುಗಳಲ್ಲಿ ಅರಿವಿನ ಲವಲೇಶವೂ ಕಾಣುವುದಿಲ್ಲ. ಇಲ್ಲದ್ದು ಇಲ್ಲದ್ದರಿಂದ ಹೇಗೆ ಬಂತು? ಅವನ ಪ್ರಕಾರ ಮೈ ಒರೆ, ಅರಿವು ಕತ್ತಿ. ಒಂದು ಹೊರಗೆ ಕಾಣುತ್ತದೆ, ಇನ್ನೊಂದು ಒಳಗೆ ಹೊಳೆಯುತ್ತದೆ. ಇಂದಿನ ತತ್ತ್ವಶಾಸ್ತ್ರದ ವಿಭಾಗಗಳಲ್ಲಿ ನಡೆಯುವ ಜಗಳ ಇಲ್ಲೇ ಇದೆ. ಬಿಡಿಬಿಡಿಯಾಗಿ ಇಲ್ಲದ ಗುಣ ಒಟ್ಟಾದಾಗ ಮೂಡಬಲ್ಲುದೇ, ಇಲ್ಲ ಪ್ರತಿ ಕಣದಲ್ಲೂ ಅದರ ಬೀಜ ಇರಲೇಬೇಕೇ? ರಸಾಯನಶಾಸ್ತ್ರ ಈಗ ಮಹಾಮತಿಯ ಉದಾಹರಣೆಯ ಪರವಾಗಿ ನಿಂತಿದೆ. ಬೆಲ್ಲದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ, ಆ ಮದ್ಯಸಾರ ಬೆಲ್ಲದಲ್ಲಿ ಅಡಗಿ ಕುಳಿತಿರಲಿಲ್ಲ. ಆದರೆ ಉದಾಹರಣೆ ಗೆದ್ದ ಮಾತ್ರಕ್ಕೆ ವಾದ ಗೆದ್ದಂತಾಗುವುದಿಲ್ಲ. ಮದ್ಯಸಾರ ಹುಟ್ಟುವುದನ್ನು ಹೊರಗಿನಿಂದ ಹೆಜ್ಜೆ ಹೆಜ್ಜೆಯಾಗಿ ತೋರಿಸಬಹುದು. ಅಮಲೇರಿದವನಿಗೆ ಒಳಗೆ ಹೇಗೆ ಅನ್ನಿಸುತ್ತದೆ ಎಂಬುದನ್ನು ಹಾಗೆ ತೋರಿಸುವುದೇ ಕಷ್ಟ.

ಲೋಕಾಯತರ ಇನ್ನೊಂದು ಉಪಮೆ ಇದಕ್ಕಿಂತಲೂ ಹತ್ತಿರದ್ದು. ಶಂಕರರ ಹೆಸರಿನಲ್ಲಿ ಪ್ರಚಲಿತವಾದ ‘ಸರ್ವಸಿದ್ಧಾಂತಸಂಗ್ರಹ’ ಅದನ್ನು ಲೋಕಾಯತರ ಬಾಯಲ್ಲೇ ಹೇಳಿಸುತ್ತದೆ. ವೀಳ್ಯದೆಲೆ ಹಸಿರು, ಅಡಕೆ ಕಂದು, ಸುಣ್ಣ ಬಿಳಿ, ಮೂರರಲ್ಲೂ ಕೆಂಪಿಲ್ಲ. ಅಗಿದರೆ ಬಾಯಿ ಕೆಂಪಾಗುತ್ತದೆ. ಅರಿವೂ ಆ ಕೆಂಪಿನಂಥದ್ದು.

ಇದನ್ನು ಓದುವಾಗ ಅಮರಾಪುರದ ಒಂದು ಕಲ್ಲು ನೆನಪಾಗಬೇಕು. 1278ರಲ್ಲಿ, ನಿಡುಗಲ್ಲಿನ ಚೋಳ ವಂಶದ ಇರುಂಗೋಳ ಆಳುತ್ತಿದ್ದ ಕಾಲದಲ್ಲಿ, ತೈಲಂಗೆರೆಯ ಬ್ರಹ್ಮಜಿನಾಲಯಕ್ಕೆ ಮಲ್ಲಿಸೆಟ್ಟಿ ಎಂಬ ಶ್ರಾವಕ 2,000 ಅಡಕೆ ಮರಗಳನ್ನು ಬಿಟ್ಟುಕೊಟ್ಟ. ಅವನು ಬಾಲೇಂದು ಮಲಧಾರಿ ಗುರುಗಳ ಶಿಷ್ಯ. ಪ್ರಸನ್ನ ಪಾರ್ಶ್ವದೇವರ ಬಸದಿ ಬುಡದಿಂದ ಕಳಸದವರೆಗೆ ಕಲ್ಲಿನಲ್ಲಿ ಏಳಲಿ ಎಂಬುದು ಆ ತೋಟದ ಉತ್ಪನ್ನಕ್ಕೆ ಹೊರಿಸಿದ ಹೊಣೆ. ಎದುರಾಳಿ ಲೋಕಾಯತನಿಗೆ ಅಡಕೆ ಎಂದರೆ ಆತ್ಮವಿಲ್ಲ ಎನ್ನಲು ಸಿಕ್ಕ ಪುರಾವೆ. ಮಲ್ಲಿಸೆಟ್ಟಿಗೆ ಅದೇ ಅಡಕೆ ಆತ್ಮದ ಮುಂದಿನ ಪಯಣಕ್ಕೆ ಕಟ್ಟಿಕೊಟ್ಟ ಬುತ್ತಿ. ಆ ಸೀಮೆಯಲ್ಲಿ ಈಗಲೂ ಅಡಕೆ ತೋಟಗಳಿವೆ.

ಅಮರಾಪುರದ ಆಸುಪಾಸಿನಲ್ಲಿ ನಿಸಿಧಿ ಕಲ್ಲುಗಳೂ ಸಿಕ್ಕಿವೆ. ಅನ್ನ ನೀರು ಬಿಟ್ಟು, ಸಲ್ಲೇಖನ ವಿಧಿಯಿಂದ ಮುಡಿಪಿದವರ ನೆನಪಿಗೆ ನಿಲ್ಲಿಸಿದವು ಅವು. ಆ ಸಾವಿನಲ್ಲಿ ಮುಖ್ಯವಾದದ್ದು ಉಪವಾಸಕ್ಕಿಂತ ಎಚ್ಚರ. ಮೈ ಒಣಗುತ್ತ ಬಂದಂತೆ ಅರಿವು ಮಂಕಾಗಬಾರದು, ಕೊನೆಯ ಉಸಿರಿನವರೆಗೂ ಮನಸ್ಸು ತನ್ನ ಹಿಡಿತದಲ್ಲಿರಬೇಕು. ಅರಿವು ಮೈಗಿಂತ ಬೇರೆ ಎಂಬ ನಂಬಿಕೆಯನ್ನು ಅವರು ತಮ್ಮ ಮೈಯಲ್ಲೇ ಪರೀಕ್ಷೆಗೆ ಒಡ್ಡಿದರು. ಇದನ್ನು ಒಪ್ಪದವರೂ ಆ ಕಲ್ಲುಗಳ ಮುಂದೆ ದನಿ ತಗ್ಗಿಸಬೇಕು.

ಈ ಇಡೀ ವಾದದಲ್ಲಿ ಎಲ್ಲರಿಗಿಂತ ಬೆರಗು ಹುಟ್ಟಿಸುವವನು ಪಂಡಿತನೂ ಅಲ್ಲ, ಮುನಿಯೂ ಅಲ್ಲ. ಅವನೊಬ್ಬ ತಳಾರ, ನಗರ ಕಾಯುವ ಅಧಿಕಾರಿ. ಹೆಸರು ಚಂಡಕರ್ಮ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಅವನು ಬರುತ್ತಾನೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೆ ತಾಯಿ ಮಗ ಇಬ್ಬರೂ ಜನ್ಮ ಜನ್ಮ ತೊಳಲುವ ಕಥೆ ಕನ್ನಡ ಓದಿದವರಿಗೆಲ್ಲ ಗೊತ್ತು. ಆ ಕಥೆಯ ನಡುವೆ ಇರುವುದೇ ಈ ಪ್ರಶ್ನೆ. ಕೋಳಿ ಹಿಟ್ಟಿನದು, ಅದಕ್ಕೆ ನೋವಿಲ್ಲ. ಆದರೆ ಕಡಿದವನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿತ್ತು, ಪಾಪ ಅಂಟಿದ್ದು ಅದಕ್ಕೆ. ಕೃತ್ಯಕ್ಕಿಂತ ಅರಿವಿಗೇ ಹೊಣೆ ಹೊರಿಸುವ ಕಾವ್ಯದಲ್ಲಿ, ಅಂಥ ಅರಿವಿಗೆ ಮೈಯಾಚೆ ನೆಲೆಯಿದೆಯೇ ಎಂದು ಕೇಳುವವನೊಬ್ಬ ಬರಲೇಬೇಕಿತ್ತು.

ಚಂಡಕರ್ಮ ಅಕಂಪನ ಮುನಿಗಳನ್ನು ಕಂಡು ತನ್ನ ಅನುಭವ ಹೇಳುತ್ತಾನೆ. ಅವನ ಕೈಗೆ ಕಳ್ಳರು ಸಿಕ್ಕುತ್ತಿದ್ದರು, ಮರಣದಂಡನೆ ಅವನ ದಿನದ ಕೆಲಸ. ಒಬ್ಬ ಕಳ್ಳನನ್ನು ಸಂದಿಲ್ಲದಂತೆ ಮುಚ್ಚಿ ಬಿಗಿದಿಟ್ಟ. ಕಳ್ಳ ಸತ್ತ, ಜೀವ ಹೊರಗೆ ಹೋದ ತೂತು ಎಲ್ಲೂ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿದ, ಕೊಂದು ತೂಗಿದ. ತೂಕ ಒಂದೇ. ಮತ್ತೊಬ್ಬನನ್ನು ತುಂಡು ತುಂಡಾಗಿ ಕಡಿದು ಹುಡುಕಿದ. ಜೀವ ಎಂಬ ವಸ್ತು ಎಲ್ಲೂ ಸಿಗಲಿಲ್ಲ. ಆದ್ದರಿಂದ ಮೈಯೇ ಜೀವ, ಜೀವವೇ ಮೈ.

ಮುನಿ ಗದರುವುದಿಲ್ಲ. ಒಂದೊಂದು ಪ್ರಯೋಗಕ್ಕೆ ಒಂದೊಂದು ಮರುಪ್ರಯೋಗ ಕೊಡುತ್ತಾರೆ. ಮುಚ್ಚಿದ ಕಡೆ ಕುಳಿತು ಶಂಖ ಊದಿದರೆ ದನಿ ಹೊರಗೆ ಕೇಳುತ್ತದೆ, ಅದಕ್ಕೆ ತೂತು ಬೇಕಾಯಿತೇ? ಗಾಳಿ ತುಂಬಿದ ತಿದಿಯನ್ನು ತೂಗು, ಗಾಳಿ ಬಿಟ್ಟು ತೂಗು. ತೂಕ ಬದಲಾಗದು, ಗಾಳಿ ಇಲ್ಲವೆನ್ನುವೆಯಾ? ಮರ ಮರ ಉಜ್ಜಿದರೆ ಬೆಂಕಿ ಏಳುತ್ತದೆ, ಅದೇ ಮರವನ್ನು ಸೀಳಿ ನೋಡು, ಬೆಂಕಿ ಕಾಣದು.

ಇದು ಜನ್ನ ಹೊಸದಾಗಿ ಕಟ್ಟಿದ ಮಾತಲ್ಲ. ಅವನ ಮುಂದೆ ವಾದಿರಾಜನ ಸಂಸ್ಕೃತ ಯಶೋಧರ ಚರಿತೆ ಇತ್ತು. ಅದಕ್ಕೂ ಮೊದಲು, 959ರಲ್ಲಿ, ವೇಮುಲವಾಡದ ಚಾಲುಕ್ಯರ ನೆರಳಿನಲ್ಲೇ ಸೋಮದೇವಸೂರಿ ‘ಯಶಸ್ತಿಲಕ’ ಬರೆದಿದ್ದ. ಇನ್ನೂ ಹಿಂದಕ್ಕೆ ಹೋದರೆ ಪ್ರಾಕೃತದ ‘ರಾಯಪಸೇಣಿಯ’ದಲ್ಲಿ ಅರಸ ಪಏಸಿ ಕೇಶಿ ಶ್ರಮಣನಿಗೆ ಇದೇ ಪ್ರಯೋಗಗಳನ್ನು ಹೇಳುತ್ತಾನೆ. ಪಾಲಿಯ ದೀಘನಿಕಾಯದಲ್ಲಿ ಪಾಯಾಸಿ ಕುಮಾರಕಸ್ಸಪನಿಗೆ ಹೇಳುತ್ತಾನೆ. ಗಂಗೆಯ ಬಯಲಿನಲ್ಲಿ ಎದ್ದ ಪ್ರಶ್ನೆ ಸಾವಿರ ವರ್ಷಕ್ಕೂ ಮೀರಿ ನಡೆದು, ವೇಮುಲವಾಡದಲ್ಲಿ ತಂಗಿ, ದೋರಸಮುದ್ರಕ್ಕೆ ಬಂತು.

ತೂಕದ ಲೆಕ್ಕ ಮಾತ್ರ ದಾರಿಯಲ್ಲಿ ಬದಲಾಯಿತು. ಪಾಲಿಯ ಪಾಯಾಸಿಗೆ ಹೆಣ ಭಾರವಾಗಿ ಕಂಡಿತ್ತು, ಬದುಕಿದ್ದವನು ಹಗುರ. ಕಸ್ಸಪ ಕೊಟ್ಟ ಉತ್ತರ ಕಾದ ಕಬ್ಬಿಣದ ಗುಂಡಿನದು: ಬಿಸಿಯಾಗಿದ್ದಾಗ ಅದು ಹಗುರ ಎಂದು. ಜೈನ ಕಥೆಗಳಲ್ಲಿ ತೂಕ ಸಮಸಮ. ಮೂರನೆಯ ಉತ್ತರ ಬಂದದ್ದು 1907ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ. ಹೇವರ್‌ಹಿಲ್ ಎಂಬ ಊರಿನ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿದ್ದ ಆರು ರೋಗಿಗಳ ಮಂಚವನ್ನು ತಕ್ಕಡಿಯ ಮೇಲಿಟ್ಟು ತೂಗಿದ್ದ. ಮೊದಲನೆಯವನು ಸತ್ತ ಗಳಿಗೆಯಲ್ಲಿ ಮುಕ್ಕಾಲು ಔನ್ಸ್, ಅಂದರೆ ಸುಮಾರು 21 ಗ್ರಾಂ ಇಳಿಯಿತು ಎಂದು ಪ್ರಕಟಿಸಿದ. ಉಳಿದ ರೋಗಿಗಳಲ್ಲಿ ಅಳತೆ ಒಂದರಂತೆ ಒಂದಿರಲಿಲ್ಲ, ಕೆಲವನ್ನು ಅವನೇ ಕೈಬಿಟ್ಟ. ಆಮೇಲೆ 15 ನಾಯಿಗಳನ್ನು ತೂಗಿ, ಅವುಗಳಲ್ಲಿ ಏನೂ ಇಳಿಯಲಿಲ್ಲ ಎಂದ. ಬೆವರು ಆರಿದ್ದರಿಂದ ತೂಕ ಇಳಿದಿರಬಹುದು ಎಂದು ಬೇರೆ ವೈದ್ಯರು ಆಗಲೇ ಆಕ್ಷೇಪಿಸಿದರು. ಅಷ್ಟಾದರೂ 21 ಗ್ರಾಂ ಎಂಬ ಸಂಖ್ಯೆ ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಪರೀಕ್ಷಕನಾಗಿ ನೋಡಿದರೆ ನಮ್ಮ ಕಾವ್ಯದ ತಳಾರ ಅಮೆರಿಕದ ವೈದ್ಯನಿಗಿಂತ ಪ್ರಾಮಾಣಿಕ. ವ್ಯತ್ಯಾಸ ಕಾಣಲಿಲ್ಲ, ಕಾಣಲಿಲ್ಲ ಎಂದ.

ಮುನಿಗಳ ತಿದಿಯ ಪ್ರಯೋಗವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಾಳಿಗೆ ತೂಕವಿದೆ. ಗೆಲಿಲಿಯೋ ಸೀಸೆಯೊಳಗೆ ಗಾಳಿಯನ್ನು ಒತ್ತಿ ತುಂಬಿ ತೂಗಿದ್ದನ್ನು 1638ರ ತನ್ನ ಪುಸ್ತಕದಲ್ಲಿ ಬರೆದ. ಆದರೆ ಒತ್ತದೆ ಸುಮ್ಮನೆ ತುಂಬಿದ ತೊಗಲಿನ ಚೀಲವನ್ನು ತೂಗಿದರೆ ತಕ್ಕಡಿ ನಿಜಕ್ಕೂ ಅಲುಗುವುದಿಲ್ಲ. ಒಳಗಿನ ಗಾಳಿಯ ಭಾರ ಎಷ್ಟೋ, ಹೊರಗಿನ ಗಾಳಿ ಚೀಲವನ್ನು ಎತ್ತಿ ಹಿಡಿಯುವ ಬಲವೂ ಅಷ್ಟೇ. ಹಾಗಾಗಿ ಅಕಂಪನ ಮುನಿಗಳು ಕಂಡದ್ದು ಸರಿ. ತಕ್ಕಡಿಗೆ ಸಿಗದ್ದೆಲ್ಲ ಇಲ್ಲವೆಂದಲ್ಲ ಎಂಬ ಅವರ ಮಾತೂ ಸರಿ. ಆದರೆ ಅವರು ಕೊಟ್ಟ ಮೂರೂ ಉದಾಹರಣೆಗಳು, ದನಿ, ಗಾಳಿ, ಬೆಂಕಿ, ಭೌತಿಕ ಸಂಗತಿಗಳೇ! ದನಿ ಗೋಡೆಯನ್ನು ನಡುಗಿಸಿ ಹೊರಗೆ ಬರುತ್ತದೆ. ಬೆಂಕಿ ಮರದಲ್ಲಿ ಅಡಗಿ ಕುಳಿತ ವಸ್ತುವಲ್ಲ, ಉಜ್ಜಿದಾಗ ನಡೆಯುವ ಕ್ರಿಯೆ. ಅರಿವು ಬೆಂಕಿಯಂಥದ್ದು ಎಂದೊಡನೆ ಮುನಿಗಳು ತಮಗರಿಯದೆ ಎದುರಾಳಿಗೆ ಅರ್ಧ ದಾರಿ ಬಿಟ್ಟುಕೊಟ್ಟಂತಾಯಿತು: ಕಡಿದರೆ ಸಿಗುವ ವಸ್ತುವಲ್ಲ ನಿಜ, ಆದರೆ ಮೈಯಲ್ಲಿ ನಡೆಯುವ ಕ್ರಿಯೆ ಆಗಿರಬಹುದಲ್ಲ. ಜನ್ನನ ಕಾವ್ಯದಲ್ಲಿ ಚಂಡಕರ್ಮ ಸೋತು ವ್ರತ ಹಿಡಿಯುತ್ತಾನೆ. ಈಗಿನ ಓದುಗನಿಗೆ ಆ ಪಂದ್ಯ ಇನ್ನೂ ಮುಗಿದಿಲ್ಲ.

ಆ ಮಾತುಕತೆಯನ್ನು ಕೇಳಿಸಿಕೊಂಡ ಇಬ್ಬರಿದ್ದರು. ತಳಾರನ ಬಳಿಯ ಪಂಜರದಲ್ಲಿದ್ದ ಎರಡು ಕೋಳಿಗಳು, ಅವೇ ಹಿಂದಿನ ಜನ್ಮದ ತಾಯಿ ಮಗ. ಕೇಳುತ್ತ ಕೇಳುತ್ತ ಅವಕ್ಕೆ ಪೂರ್ವಜನ್ಮದ ನೆನಪು ಮರುಕಳಿಸಿ ಕೂಗುತ್ತವೆ. ಅರಸ ಯಶೋಮತಿ ದನಿ ಕೇಳಿದತ್ತ ಬಾಣ ಬಿಡುತ್ತಾನೆ. ಕೊಂದದ್ದು ತನ್ನ ತಂದೆಯನ್ನೂ ಅಜ್ಜಿಯನ್ನೂ ಎಂಬುದು ಅವನಿಗೆ ಆಗ ಗೊತ್ತಿಲ್ಲ. ತರ್ಕ ಹೇಳಲಾರದ್ದನ್ನು ಕವಿ ಒಂದು ಕೂಗಿನಲ್ಲಿ ಮುಟ್ಟಿಸಿದ್ದಾನೆ.

ಇಲ್ಲೊಂದು ಸಂಗತಿಯನ್ನು ಎತ್ತಿ ಹೇಳಬೇಕು. ಮಹಾಮತಿಯ ಮಾತು ಉಳಿದದ್ದು ಜೈನ ಪುರಾಣದಲ್ಲಿ, ಚಂಡಕರ್ಮನ ಮಾತು ಉಳಿದದ್ದು ಜೈನ ಕಾವ್ಯದಲ್ಲಿ, ತಾಂಬೂಲದ ಉಪಮೆ ಉಳಿದದ್ದು ಅದ್ವೈತಿಗಳ ಪುಸ್ತಕದಲ್ಲಿ. ಲೋಕಾಯತರ ಸ್ವಂತ ಸೂತ್ರಗ್ರಂಥ ನಮಗೆ ಇಡಿಯಾಗಿ ದಕ್ಕಿಲ್ಲ. ಬಳ್ಳಿಗಾವಿಯ 1035ರ ಶಾಸನ ಅಲ್ಲಿನ ಕಾಳಾಮುಖ ಶೈವ ಗುರು ಲಕುಲೀಶ್ವರ ಪಂಡಿತನನ್ನು ಹೊಗಳುತ್ತ, ಅವನನ್ನು ಲೋಕಾಯತವೆಂಬ ಮರಕ್ಕೆ ಗರಗಸವೆಂದು ಬಣ್ಣಿಸುತ್ತದೆ. ಬೌದ್ಧ, ಮೀಮಾಂಸಕ, ಸಾಂಖ್ಯರ ಜೊತೆ ಲೋಕಾಯತರನ್ನೂ ಹೆಸರಿಸಿದ್ದಾರೆಂದರೆ ಹನ್ನೊಂದನೆಯ ಶತಮಾನದ ಕನ್ನಡ ನಾಡಿನ ವಾದಸಭೆಗಳಲ್ಲಿ ಆ ಪಕ್ಷ ಲೆಕ್ಕಕ್ಕಿತ್ತು ಎಂದಾಯಿತು. ಅದೇ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ನ್ಯಾಯ, ವೈಶೇಷಿಕ, ಸಾಂಖ್ಯಗಳ ಜೊತೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಏರ್ಪಾಡೂ ಅಲ್ಲಿತ್ತು. ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯ ‘ಸರ್ವದರ್ಶನಸಂಗ್ರಹ’ ಬರೆದಾಗ ಮೊದಲ ಅಧ್ಯಾಯ ಕೊಟ್ಟದ್ದು ಚಾರ್ವಾಕರಿಗೆ, ಅಂದರೆ ಈ ಲೋಕಾಯತರಿಗೇ. ಆ ಅರಸೊತ್ತಿಗೆ ಮುಂದೆ ತಾಳಿಕೋಟೆಯ ಸೋಲಿನ ಬಳಿಕ ನೆಲೆ ಹುಡುಕಿ ಬಂದದ್ದು ಹಿಂದೂಪುರದ ಹತ್ತಿರದ ಪೆನುಕೊಂಡೆಗೆ.

ಖಂಡಿಸುವ ಮೊದಲು ಎದುರಾಳಿಯ ಮಾತನ್ನು ಅವನಿಗೂ ಒಪ್ಪಿಗೆಯಾಗುವಂತೆ ಪೂರ್ತಿ ಹೇಳುವ ಪೂರ್ವಪಕ್ಷದ ಆ ಪದ್ಧತಿ ಇಲ್ಲದಿದ್ದರೆ ಮಹಾಮತಿಯೂ ಚಂಡಕರ್ಮನೂ ನಮಗೆ ಸಿಗುತ್ತಿರಲಿಲ್ಲ. ಈ ದೇಶದ ಬೌದ್ಧಿಕ ಸಂಪತ್ತಿನಲ್ಲಿ ಇದಕ್ಕೆ ಸರಿಸಮವಾದದ್ದು ಕಡಿಮೆ. ಅದು ಕೈತಪ್ಪುತ್ತಿದೆ ಎಂಬ ಅಳುಕು ಇಂದಿನ ಚರ್ಚೆಗಳನ್ನು ಕೇಳಿದವರಿಗೆಲ್ಲ ಆಗುತ್ತದೆ.

ಹಳ್ಳಿಯ ಮಾತಿನಲ್ಲಿ ಈ ಪ್ರಶ್ನೆ ಪಂಡಿತರ ಭಾರವಿಲ್ಲದೆ ಓಡಾಡುತ್ತದೆ. ಬಿದ್ದು ಎಚ್ಚರ ತಪ್ಪಿದವನಿಗೆ ‘ಗ್ಯಾನ ತಪ್ತು’ ಎನ್ನುತ್ತಾರೆ. ಹಾಡು ಕೇಳುತ್ತ ಕೂತವನು ‘ಮೈಮರೆತ’. ಒಂದರಲ್ಲಿ ಮೈ ಇದೆ, ಅರಿವಿಲ್ಲ. ಇನ್ನೊಂದರಲ್ಲಿ ಅರಿವಿದೆ, ಮೈಯೇ ಇಲ್ಲದಂತೆ. ಆಸ್ಪತ್ರೆಯ ಮದ್ದಿಗೆ ಕನ್ನಡ ಕೊಟ್ಟ ಹೆಸರು ‘ಅರಿವಳಿಕೆ’, ಅರಿವನ್ನು ಅಳಿಸುವುದು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಜನರೆದುರು ಶಸ್ತ್ರಚಿಕಿತ್ಸೆ ನಡೆದ ದಿನ ಲೋಕಾಯತರ ವಾದಕ್ಕೆ ಅವರೇ ಕನಸಿರದ ಬಲ ಬಂತು. ಒಂದು ದ್ರವದ ಆವಿ ಮೂಗಿಗೆ ಹೋದರೆ ಅರಿವು ಆರುತ್ತದೆ, ಆವಿ ಇಳಿದರೆ ಮರಳುತ್ತದೆ. ಮೈಗೆ ಸೇರದ ವಸ್ತುವಾದರೆ ಅದು ಆವಿಗೆ ಏಕೆ ಮಣಿಯಬೇಕು?

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯವರಿಗೆ ತಲೆಗೆ ಪೆಟ್ಟು ಬಿದ್ದರೆ, ಮೂರ್ಛೆ ಮರುಕಳಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ನೆನಪಿಗೆ ಬರುತ್ತದೆ. ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. 1995ರಿಂದ ಅಲ್ಲಿ ಮಿದುಳುಗಳ ಭಂಡಾರವೊಂದಿದೆ. ಸತ್ತವರ ಮನೆಯವರು ಒಪ್ಪಿ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುತ್ತಾರೆ. ಜೊತೆಗಿರುವ ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ಸುಮಾರು ಒಂದೂಕಾಲು, ಒಂದೂವರೆ ಕಿಲೋ ತೂಕ. ಚಂಡಕರ್ಮ ಕಡಿದು ಹುಡುಕಿದ್ದನ್ನೇ ಇಲ್ಲಿ ದಾನವಾಗಿ ಪಡೆದು, ಗೌರವದಿಂದ ಹುಡುಕುತ್ತಿದ್ದಾರೆ. ಯಾವ ಭಾಗಕ್ಕೆ ರಕ್ತ ನಿಂತರೆ ಮಾತು ಹೋಗುತ್ತದೆ, ಯಾವ ಭಾಗ ಸವೆದರೆ ನೆನಪು ಅಳಿಯುತ್ತದೆ ಎಂಬುದು ಗೊತ್ತಾಗುತ್ತಿದೆ. ನೆನಪು ಹೀಗೆ ಮಿದುಳಿನೊಡನೆ ಅಳಿಯುವುದಾದರೆ ಚಿಲ್ಲುಕ ಮುನಿನಾಥನಿಗೆ ಲಕುಲೀಶನ ನೆನಪು ಬಂದ ದಾರಿ ಯಾವುದು ಎಂದು ಹೇಮಾವತಿಯ ಕಲ್ಲನ್ನು ಕೇಳಬೇಕಾಗುತ್ತದೆ.

ಇಷ್ಟಾದರೂ ಸ್ವಯಂಬುದ್ಧನ ಪ್ರಶ್ನೆ ಬಿದ್ದುಹೋಗಿಲ್ಲ. ಆಸ್ಟ್ರೇಲಿಯಾದ ತತ್ತ್ವಜ್ಞ ಡೇವಿಡ್ ಚಾಮರ್ಸ್ 1995ರಲ್ಲಿ ಅದನ್ನು ‘ಕಠಿಣ ಸಮಸ್ಯೆ’ ಎಂದು ಹೆಸರಿಟ್ಟು ಮತ್ತೆ ಎತ್ತಿದ. ಮಿದುಳಿನ ಕೆಲಸವನ್ನೆಲ್ಲ ವಿವರಿಸಿದ ಮೇಲೂ, ಆ ಕೆಲಸದ ಜೊತೆಗೆ ಒಳಗೊಂದು ಅನುಭವ ಏಕಿರಬೇಕು ಎಂಬುದು ಬಾಕಿ ಉಳಿಯುತ್ತದೆ ಎಂದ. 1998ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವನೊಡನೆ ಪಣ ಕಟ್ಟಿದ. ಇನ್ನು 25 ವರ್ಷದೊಳಗೆ ಅರಿವಿಗೆ ಆಧಾರವಾದ ನರಗಳ ಗುರುತು ಸ್ಪಷ್ಟವಾಗಿ ಸಿಗುತ್ತದೆ ಎಂದು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ, ಎಲ್ಲರೆದುರು, ಕಾಕ್ ಸೋಲೊಪ್ಪಿ ಚಾಮರ್ಸ್‌ಗೆ ದ್ರಾಕ್ಷಾರಸದ ಸೀಸೆಗಳನ್ನು ಕೊಟ್ಟ. ಮಹಾಮತಿ ಆ ಸಭೆಯಲ್ಲಿದ್ದಿದ್ದರೆ ಸೀಸೆಯನ್ನು ಕೈಗೆತ್ತಿಕೊಂಡು ತನ್ನ ವಾದವನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ಈ ಚರ್ಚೆಯಲ್ಲಿ ಅರಿವಿನ ಪಕ್ಷದ ಬಹುದೊಡ್ಡ ಹೆಸರೂ ಇದೇ ಸೀಮೆಯದು. ಕಲ್ಯಾಣದುರ್ಗದಿಂದ ಬಡಗಣಕ್ಕೆ ಹೊರಟು, ಉರವಕೊಂಡ ದಾಟಿ ಗುಂತಕಲ್ಲಿನ ಕಡೆ ಸಾಗಿದರೆ ವಜ್ರಕರೂರು ಮಂಡಲ ಸಿಗುತ್ತದೆ. ಮೊದಲ ಮಳೆ ಬಿದ್ದೊಡನೆ ಜನ ಹೊಲಗಳಲ್ಲಿ ಬಗ್ಗಿ ಬಗ್ಗಿ ವಜ್ರ ಹುಡುಕುವ ನಾಡು. ಅಲ್ಲಿನ ಕೊನಕೊಂಡ್ಲವೇ ಹಳೆಯ ಕೊಂಡಕುಂದೆ, ಜೈನಾಚಾರ್ಯ ಕುಂದಕುಂದರ ಊರು ಎಂದು ಶಾಸನತಜ್ಞ ಪಿ.ಬಿ. ದೇಸಾಯಿ ಗುರುತಿಸಿದರು. ಕುಂದಕುಂದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಸಮಯಸಾರ’, ‘ಪ್ರವಚನಸಾರ’, ‘ಪಂಚಾಸ್ತಿಕಾಯ’ಗಳಲ್ಲಿ ಅವರು ಮತ್ತೆ ಮತ್ತೆ ಒಂದು ಮಾತಿಗೆ ಮರಳುತ್ತಾರೆ. ಜೀವಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ, ದನಿಯಿಲ್ಲ; ಅರಿಯುವುದೇ ಅದರ ಗುಣ. ಮುಟ್ಟಿ ನೋಡುವ ಯಾವ ಸಾಧನಕ್ಕೂ ಸಿಗದ್ದನ್ನು ಅಳತೆಯ ಲೋಕದಿಂದಲೇ ಅವರು ಹೊರಗಿಟ್ಟರು. ತಳಾರನ ತಕ್ಕಡಿಗೆ ಅದು ನಿಜವಾದ ಉತ್ತರ. ಆದರೆ ಹಾಗೆ ಹೊರಗಿಟ್ಟದ್ದು ಒಳಗಿನ ಮೈಯನ್ನು ಹೇಗೆ ಕುಣಿಸುತ್ತದೆ ಎಂಬ ತೊಡಕು ಅಲ್ಲಿಂದಲೇ ಹುಟ್ಟುತ್ತದೆ.

ಹೇಮಾವತಿ, ಅಮರಾಪುರ, ಕೊನಕೊಂಡ್ಲಗಳ ಕಲ್ಲುಗಳಿರುವ, 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಈ ಪ್ರದೇಶ ಮೊದಲು ಬಳ್ಳಾರಿ ಜಿಲ್ಲೆಯೊಳಗಿತ್ತು. 1882ರಲ್ಲಿ ಅನಂತಪುರ ಬೇರೆಯಾಯಿತು. 1953ರ ಅಕ್ಟೋಬರ್ 1ರಂದು ಅನಂತಪುರ ಆಂಧ್ರಕ್ಕೆ ಹೋಯಿತು, ಬಳ್ಳಾರಿಯ ಬಹುಪಾಲು ಮೈಸೂರಿಗೆ ಬಂತು. ಕಲ್ಲುಗಳು ಇದ್ದಲ್ಲೇ ಉಳಿದವು. ಕನ್ನಡ ಲಿಪಿ ಓದುವ ಕಣ್ಣುಗಳು ಗಡಿಯ ಒಂದು ಬದಿಗೆ, ಕಲ್ಲುಗಳು ಇನ್ನೊಂದು ಬದಿಗೆ. ಮಡಕಶಿರಾ ಕಡೆಯ ಕನ್ನಡ ಶಾಲೆಗಳ ಮಕ್ಕಳು ಹೇಮಾವತಿಗೆ ಪ್ರವಾಸ ಹೋದಾಗ ಯಾರಾದರೂ ಅವರಿಗೆ ಚಿಲ್ಲುಕ ಮುನಿಯ ಕಥೆ ಹೇಳಲಿ.

ಕೊನಕೊಂಡ್ಲದಲ್ಲಿ 1081ರ ಒಂದು ಕನ್ನಡ ಶಾಸನವಿದೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು. ನಾಳಿಕಬ್ಬೆ ಎಂಬ ಹೆಂಗಸು, ತೀರಿಹೋದ ಗಂಡನ ನೆನಪಿಗೆ, ಕೊಂಡಕುಂದೆಯ ತೀರ್ಥದಲ್ಲಿ ಚಟ್ಟ ಜಿನಾಲಯ ಕಟ್ಟಿಸಿದಳು ಎನ್ನುತ್ತದೆ ಅದು.